ಮಾವನವರು ತಂದ ದುಬಾರಿ ಗುಂಡು

ಈ ಸಲದ ದೀಪಾವಳಿಗೆ ಮೊಮ್ಮಗಳು ನನ್ನ ಕುರ್ಚಿಯ ಪಕ್ಕದಲ್ಲೇ ನಿಂತು ಟಿಕಳಿ ಪಿಸ್ತೂಲು ಹೊಡೆದಳು. ಸದ್ದಿಗೆ ನಾನು ಬೆಚ್ಚಲಿಲ್ಲ, ಕಿವಿ ಅಷ್ಟು ಮಂದವಾಗಿದೆ. ಆದರೆ ಸುಟ್ಟ ಮದ್ದಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಧಾರವಾಡದ ನಮ್ಮ ಹಳೆಯ ಮನೆಯ ಹಿತ್ತಲಲ್ಲಿದ್ದೆ. ಮಾವಿನ ಗಿಡದ ಕೆಳಗೆ ನಮ್ಮ ಮಾವನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಕಣ್ಣು ಮಾತ್ರ ಅಗಲವಾಗಿ ತೆರೆದುಕೊಂಡು ನಿಂತಿದ್ದರು...

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷವಿದ್ದ ಕಾಲ ಅದು. ಮಾವನವರದು ಹುಬ್ಬಳ್ಳಿಯಲ್ಲಿ ಅರಳೆಯ ವ್ಯಾಪಾರ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಆ ಪೇಟೆಯಲ್ಲಿ ಅವರು ‘ಆತು’ ಅಂದರೆ ಆಯಿತು, ಯಾರೂ ಕಾಗದ ಕೇಳುತ್ತಿರಲಿಲ್ಲ. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲೆಂದು ಅವರು ಒಂದು ಸಣ್ಣ ರೈಫಲ್ಲು ಕೊಂಡಿದ್ದರು. ಅದನ್ನು ಹೊಡೆಯುವ ಕೆಲಸ ನಮ್ಮ ಯಜಮಾನರದು. ಅವರು ಹೊಡೆದರೆ ಹಂದಿ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಮೇಯುತ್ತಿತ್ತಂತೆ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಅವರು ಗೋಡೆಯ ಮೇಲೆ ತೆಂಗಿನ ಕರಟ ಇಟ್ಟು ಗುರಿ ಹಿಡಿಯುತ್ತಿದ್ದಾಗ, ನನಗೊಮ್ಮೆ ಕೊಡಿ ಎಂದು ಇಸಿದುಕೊಂಡೆ. ಮೊದಲ ಗುಂಡಿಗೇ ಕರಟ ಹಾರಿತು. ಅತ್ತೆಯವರು ಒಳಗಿನಿಂದ ಚೀರಿಕೊಂಡು ಬಂದರು. ಅವರ ಹಿಂದೆಯೇ ಬಂದ ಮಾವನವರು ಮಾತ್ರ, “ಇನ್ನೊಮ್ಮೆ ಹೊಡಿ ನೋಡೂಣು” ಅಂದರು. ಇನ್ನೊಂದು ಕರಟವೂ ಹಾರಿತು. ಅವತ್ತಿನಿಂದ ನನ್ನ ಗುರಿಯ ಹುಚ್ಚಿಗೆ ಅವರೇ ದೊಡ್ಡ ಬೆಂಬಲ.

ಆದರೆ ಕೈ ಪಳಗಬೇಕಾದರೆ ಗುಂಡು ಬೇಕು, ಅದೂ ಚೀಲಗಟ್ಟಲೆ. ಯಜಮಾನರೂ ನಾನೂ ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಹೋದೆವು. ಅಂಗಡಿಯವರು ಮೂರು ತರಹದ ಡಬ್ಬಿ ಮುಂದಿಟ್ಟರು. ತೀರ ಅಗ್ಗದ್ದು ಒಮ್ಮೊಮ್ಮೆ ಹಾರುತ್ತಲೇ ಇರಲಿಲ್ಲ, ನಳಿಕೆಯ ತುಂಬ ಮಸಿ ಬೇರೆ. ದುಬಾರಿಯದು ಪಂದ್ಯಕ್ಕೆಂದೇ ಮಾಡಿದ್ದು, ಅದರ ಬೆಲೆ ಕೇಳಿ ಯಜಮಾನರು ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ನಡುವಿನದು ಕಂದು ಬಣ್ಣದ ಡಬ್ಬಿ. ನಿಧಾನದ ಗುಂಡು, ಹೆಚ್ಚು ಸದ್ದಿಲ್ಲ, ಆದರೆ ಒಮ್ಮೆ ಹೋದಲ್ಲಿಗೇ ಮತ್ತೆ ಮತ್ತೆ ಹೋಗುತ್ತಿತ್ತು. “ಇದನ್ನ ಹಿಡೀರಿ, ಆದ್ರ ಬದಲ ಮಾಡಬ್ಯಾಡ್ರಿ. ಬಂದೂಕಿಗೂ ರುಚಿ ಹತ್ತತೈತ್ರಿ” ಎಂದರು ಅಂಗಡಿಯವರು. ಆ ಗುಂಡಿಗೆ ತಕ್ಕಂತೆ ನಳಿಕೆಯ ಮೇಲಿನ ಗುರಿಕಣ್ಣನ್ನೂ ಅವರೇ ಹೊಂದಿಸಿಕೊಟ್ಟರು. ಧಾರವಾಡದ ಸಪ್ತಾಪುರವೆಂದರೆ ಆಗ ಊರ ಹೊರಗಿನ ಬಯಲು. ಅಲ್ಲಿ ಒಂದು ಕೆಂಪು ಮಣ್ಣಿನ ದಿಬ್ಬಕ್ಕೆ ಹಲಗೆ ಒರಗಿಸಿ ಕಂದು ಡಬ್ಬಿಗಳನ್ನು ಖಾಲಿ ಮಾಡಿದೆ. ಕೊನೆಗೆ ನಡುವಿನ ಕಪ್ಪು ಚುಕ್ಕೆ ಬಿಟ್ಟು ಗುಂಡು ಆಚೆ ಹೋಗದಂತಾಯಿತು.

ಓಣಿಯವರು ಸುಮ್ಮನಿರುತ್ತಾರೆಯೇ. ಮಾವನವರ ಅಣ್ಣ ಎದುರು ಮನೆಯಲ್ಲೇ ಇದ್ದರು. ಒಂದು ದಿನ ಕಟ್ಟೆಯ ಮೇಲೆ ಎಲ್ಲರೂ ಕೂತಾಗ, “ಮನಿ ಸೊಸಿ ಕೈಯಾಗ ಬಂದೂಕು ಕೊಟ್ಟು ನೀ ಸೌಟು ಹಿಡೀತಿ ಏನೋ?” ಎಂದು ನಕ್ಕರು. ಮಾವನವರಿಗೆ ಸಿಟ್ಟು ನೆತ್ತಿಗೇರಿತು. ಮುಂದಿನ ತಿಂಗಳು ಪೊಲೀಸ್ ಮೈದಾನದಲ್ಲಿ ಹೆಂಗಸರ ಗುರಿ ಪಂದ್ಯವಿತ್ತು, ದೊಡ್ಡ ಸಾಹೇಬರ ಮಡದಿಯರೆಲ್ಲ ಬರುವಂಥದ್ದು. “ಆಕಿ ಅಲ್ಲಿ ಹೊಡೀತಾಳ. ಮೊದಲ ಮೂರರಾಗ ಬರಲಿಲ್ಲಂದ್ರ ನಾ ಕೈಯಾರೆ ಬಂದೂಕು ಮಾರಿ ಬರ್ತೇನಿ” ಎಂದುಬಿಟ್ಟರು. ಬಾಗಿಲ ಮರೆಯಲ್ಲಿ ನಾನು ಕೇಳುತ್ತಿದ್ದೆ. ಅವರ ಮಾತು ಎಂಥದೆಂದು ನನಗೆ ಗೊತ್ತಿತ್ತು. ಸೋತರೆ ಬಂದೂಕು ಹೋಯಿತು, ಸಪ್ತಾಪುರದ ಬಯಲೂ ಹೋಯಿತು.

ಪಂದ್ಯದ ಬೆಳಿಗ್ಗೆ ಮಿಂದು ಬಂದಾಗ ದೇವರ ಜಗಲಿಯ ಮುಂದೆ ಒಂದು ಹೊಸ ಡಬ್ಬಿ ಇತ್ತು. ಅದರ ಮೇಲೆ ಮೂರು ಬೆರಳಿನ ವಿಭೂತಿ. ಅದೇ ಆ ದುಬಾರಿ ಗುಂಡು. ಮಾವನವರು ಯಾರಿಗೂ ಹೇಳದೆ ಹುಬ್ಬಳ್ಳಿಯಿಂದ ತಂದಿದ್ದರು. “ಹಬ್ಬದ ದಿನ ಯಾರರ ಹಳೇ ಅರಿವಿ ಉಟ್ಕೋತಾರೇನ? ತಗೋ ಯವ್ವಾ” ಎಂದರು. ಮುಖದಲ್ಲಿ ಎಂಥ ಸಂಭ್ರಮ! ಹೊಸ ಗುಂಡು ಬೇರೆ ಕಡೆ ಬೀಳುತ್ತದೆಂದು ಗೊತ್ತಿತ್ತು, ಎಷ್ಟು ಬೇರೆ ಎಂದು ಗೊತ್ತಿರಲಿಲ್ಲ. ಬೇಡವೆಂದು ಹೇಳಲು ಬಾಯಿ ತೆರೆದೆ... ಹೇಳಲಾಗಲಿಲ್ಲ. ಡಬ್ಬಿಯನ್ನು ಕಣ್ಣಿಗೊತ್ತಿಕೊಂಡೆ.

ಮೊದಲೇ ಒಂದೆರಡು ಹಾರಿಸಿ ನೋಡುವ ಪದ್ಧತಿ ಆ ಪಂದ್ಯದಲ್ಲಿ ಇರಲಿಲ್ಲ. ಎಲ್ಲ ಗುಂಡುಗಳನ್ನೂ ಹೊಡೆದ ಮೇಲೆಯೇ ಗುರಿಯ ಕಾಗದ ಕೈಗೆ ಬರುತ್ತಿತ್ತು. ನನ್ನ ಕಾಗದದಲ್ಲಿ ಕಪ್ಪು ಚುಕ್ಕೆ ಹಾಗೇ ಇತ್ತು. ಅದರ ಮೇಲುಗಡೆ ನನ್ನ ಅಷ್ಟೂ ತೂತುಗಳು ಒಂದು ಬೆಳ್ಳಿ ರೂಪಾಯಿಯಲ್ಲಿ ಮುಚ್ಚಬಹುದಾದಷ್ಟು ಒತ್ತಾಗಿ ಕೂತಿದ್ದವು. ಮೂವರ ಹೆಸರು ಕೂಗಿದರು, ನನ್ನದಿರಲಿಲ್ಲ. ನನಗೆ ಮಾವನವರ ಮೇಲೆ ಸಿಟ್ಟು ಬಂದಿತ್ತು, ಬೇಡವೆನ್ನಲಾಗದ ನನ್ನ ಮೇಲೆ ಇನ್ನೂ ಹೆಚ್ಚು. ಟಾಂಗಾದಲ್ಲಿ ಅವರು ಆ ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಮೆಲ್ಲಗೆ ಕೇಳಿದರು, “ಏನಾತವಾ?”

“ಕೈ ನಡುಗಿತ್ರಿ” ಎಂದೆ.

“ಆಗ್ಲಿ ಬಿಡು” ಎಂದರು.

ಮರುದಿನವೇ ಮಗನನ್ನು ಕರೆದುಕೊಂಡು ಬಂದೂಕು ಮಾರಲು ಹೊರಟರು. ಅಂಗಡಿಯಲ್ಲಿ ನಡೆದದ್ದನ್ನು ಯಜಮಾನರು ಆಮೇಲೆ ಹೇಳಿದರು. ಬೆಲೆ ಕುದುರಿದ ಮೇಲೆ ಮಾವನವರು ಜೇಬಿನ ಕಾಗದ ತೆಗೆದು, “ನಮ್ಮ ಸೊಸೀದು. ಪಾಪ, ಕೈ ನಡುಗಿತಂತ” ಎಂದು ತೋರಿಸಿದರಂತೆ. ಅಂಗಡಿಯವರು ನೋಡಿ ನಕ್ಕರಂತೆ. “ನಡುಗೋ ಕೈ ಹಿಂಗ ಒಂದಽ ಕಡೆ ಹೊಡೀತೈತೇನ್ರಿ? ನೀವು ಗುಂಡು ಒಯ್ದಾಗ ಯಾರಿಗೆ ಅಂತ ನಾ ಕೇಳಬೇಕಿತ್ತು. ಗುಂಡು ಬದಲಾತು, ಗುರಿಕಣ್ಣು ಹಳೇ ಗುಂಡಿಂದು, ಅದಕ್ಕ ಎಲ್ಲಾ ಮ್ಯಾಲೆ ಹೋದುವು.” ಮಾವನವರು ಆ ಕಾಗದವನ್ನು ಮಡಚಿ ಮತ್ತೆ ಜೇಬಿಗಿಟ್ಟರಂತೆ. ಆಮೇಲೆ ಎದ್ದು ಬಂದೂಕನ್ನು ವಾಪಸು ತೆಗೆದುಕೊಂಡರಂತೆ.

ಆ ಸಂಜೆ ಅವರು ಹಿತ್ತಲ ಸಂದಿಯಿಂದ ಬರಬಹುದಿತ್ತು. ಬರಲಿಲ್ಲ. ಬಂದೂಕನ್ನು ಹೆಗಲ ಮೇಲಿಟ್ಟುಕೊಂಡು, ಇಡೀ ಓಣಿ ನೋಡುವಂತೆ, ಅಣ್ಣನ ಕಟ್ಟೆಯ ಮುಂದೆಯೇ ನಡೆದು ಬಂದರು.

“ಯಾಕೋ, ಗಿರಾಕಿ ಸಿಗಲಿಲ್ಲೇನು?” ಎಂದರು ಅಣ್ಣ.

“ಸಿಕ್ಕಿದ್ದ. ನಾ ಮಾರಲಿಲ್ಲ. ಮಾತಿಗೆ ತಪ್ಪಿದೆ ಅಂತ ಎಲ್ಲಾರಿಗೂ ಹೇಳು.”

ಕಾರಣ ಹೇಳಿದ್ದರೆ ಅರ್ಧ ಓಣಿಯಾದರೂ ಒಪ್ಪುತ್ತಿತ್ತು. ಸೊಸೆಗಾಗಿ ನೆಪ ಹೂಡಿದನೆಂದು ಉಳಿದರ್ಧ ಆಡಿಕೊಳ್ಳುತ್ತಿತ್ತು, ಅದು ಅವರಿಗೆ ಬೇಡವಾಗಿತ್ತು. ಆಡಿಕೊಂಡರೆ ತಮ್ಮನ್ನೇ ಆಡಿಕೊಳ್ಳಲಿ ಎಂದುಕೊಂಡರೇನೋ. ಅರಳೆ ಪೇಟೆಯಲ್ಲಿ ಬಹಳ ದಿನ ಅವರನ್ನು ಚುಡಾಯಿಸಿದರು.

ಆ ಸಂಜೆ ಒಳಗೆ ಬಂದವರು ಬಂದೂಕನ್ನು ಮೂಲೆಗಿಟ್ಟು, ಅಡಿಗೆಮನೆಯ ಬಾಗಿಲಲ್ಲಿ ನಿಂತರು. ನನ್ನ ಮುಂದೆ ಒಂದು ಕಂದು ಡಬ್ಬಿ ಇಟ್ಟರು. “ಇದು ನಿಂದು. ಇನ್ನ ಮುಂದ ನಿನ್ನ ಕೇಳಲಾರದ ಏನೂ ತರೂದಿಲ್ಲವಾ” ಎಂದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಹಾಗೆಯೇ ನಡೆದುಕೊಂಡರು ಕೂಡ. ಹುಬ್ಬಳ್ಳಿಗೆ ಹೊರಡುವ ಮೊದಲು ಬಾಗಿಲಲ್ಲಿ ನಿಂತು ಏನು ತರಲೆಂದು ಕೇಳುತ್ತಿದ್ದರು. ಸೀರೆಯ ಬಣ್ಣವನ್ನೂ ಕೇಳುತ್ತಿದ್ದರು. ಯುದ್ಧ ಬಂದಿತು, ಅಂಗಡಿಯಲ್ಲಿ ಗುಂಡು ಸಿಗದಂತಾಯಿತು. ಯುದ್ಧ ಮುಗಿಯುವ ಮೊದಲೇ ಮಾವನವರೂ ಹೋದರು...

ಈಗ ನನಗೆ ಅವರು ಹೋದಾಗಿನ ವಯಸ್ಸು ದಾಟಿದೆ. ಮಕ್ಕಳು, ಮೊಮ್ಮಕ್ಕಳು ಏನೇನೋ ತರುತ್ತಾರೆ. ಶಾಲು, ಮೆತ್ತನೆಯ ಕುರ್ಚಿ, ನನ್ನ ಹಲ್ಲಿಗೆ ಬಗ್ಗದ ಮಿಠಾಯಿ. ಎಲ್ಲವೂ ದುಬಾರಿಯವೇ, ಎಲ್ಲವೂ ಪ್ರೀತಿಯಿಂದ ತಂದವೇ. ನಾನೂ “ಛಲೋ ಐತಿ” ಎಂದು ಕಣ್ಣಿಗೊತ್ತಿಕೊಳ್ಳುತ್ತೇನೆ. ಬಾಗಿಲಲ್ಲಿ ನಿಂತು ‘ಏನ್ ತರ್ಲಿ ಯವ್ವಾ’ ಎಂದು ಕೇಳುವವರು ಮಾತ್ರ ಯಾರೂ ಇಲ್ಲ.