ಬಲಭುಜದ ಹೂವು

ಆಗಿನ ಕಾಲದ ಜನ ದೈವಭೀರುಗಳಾಗಿದ್ದರು ಎಂದು ನನ್ನ ವಯಸ್ಸಿನವರು ಬರೆದದ್ದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಸ್ವಾತಂತ್ರ್ಯಕ್ಕೆ ಇನ್ನೂ ಕೆಲವು ವರ್ಷಗಳಿದ್ದಾಗ, ಕೊಪ್ಪ ಸೀಮೆಯ ನಮ್ಮ ಪುಟ್ಟ ಪೇಟೆಯಲ್ಲಿ ನಾನು ಕಂಡಂತೆ, ದೇವರಿಗೇ ದೊಡ್ಡ ಮನುಷ್ಯರ ಭಯವಿತ್ತು.

ಪುರಸಭೆಯ ಅಧ್ಯಕ್ಷಗಿರಿಗೆ ಯಾರನ್ನು ನಿಲ್ಲಿಸಬೇಕೆಂಬ ಮಾತು ಎದ್ದದ್ದು ಕಾರ್ತಿಕ ಮಾಸದಲ್ಲಿ. ಕೆಳಪೇಟೆಯವರು ನನ್ನ ಅಪ್ಪಯ್ಯನ ಹೆಸರು ಹೇಳಿದರು. ಅಪ್ಪಯ್ಯನಿಗಿದ್ದದ್ದು ಸ್ಲೇಟು, ಬಳಪ ಮಾರುವ ಒಂದು ಅಂಗಡಿ ಮತ್ತು ಒಂದು ಹಟ: ಕೆಳಪೇಟೆಗೆ ನಲ್ಲಿ ತರಿಸಬೇಕು. ನಮ್ಮ ಹೆಂಗಸರು ಹಳ್ಳಕ್ಕಿಳಿದು, ಜಾರುವ ಕಡಿದಾದ ದರೆಯಲ್ಲಿ ಕೊಡ ಹೊತ್ತು ಹತ್ತುತ್ತಿದ್ದರು. ಅಲ್ಲಿ ಬಿದ್ದ ಅಮ್ಮ ಮತ್ತೆಂದೂ ನೆಟ್ಟಗೆ ನಡೆಯಲಿಲ್ಲ. ಮೇಲುಪೇಟೆಯವರ ಅಭ್ಯರ್ಥಿ ಅಡಿಕೆ ಮಂಡಿಯ ಸಾಹುಕಾರ. ಹಳ್ಳದ ದಾರಿ ಯಾವ ದಿಕ್ಕಿಗಿದೆಯೆಂಬುದೂ ಆತನಿಗೆ ತಿಳಿದಿರಲಿಲ್ಲ.

ಓಟು ಹಾಕಿದರೆ ಊರು ಒಡೆಯುತ್ತದೆಂದು ಪಟೇಲರು ದೇವಸ್ಥಾನದಲ್ಲಿ ಹೂಪ್ರಸಾದ ಕೇಳಿಸಿದರು. ದೇವರ ಎರಡೂ ಭುಜಗಳಿಗೆ ನೀರಲ್ಲಿ ಅದ್ದಿದ ಎಸಳು ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಇಲ್ಲ. ಒಪ್ಪಿಗೆ ಸಿಕ್ಕವನೊಬ್ಬನೇ ನಿಲ್ಲಬೇಕು. ಎಲ್ಲರೂ ಮಾತು ಕೊಟ್ಟರು.

ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ನಾನು ಪಂಚಕಜ್ಜಾಯದ ಹುರಿದೆಳ್ಳಿನ ವಾಸನೆ ಹಿಡಿದು ಒಳಗೆ ಹೋಗಿ ಗರ್ಭಗುಡಿಯ ಹೊಸ್ತಿಲಿಗೆ ಒತ್ತಿ ನಿಂತೆ. ಮೊದಲು ಅಪ್ಪಯ್ಯನ ಹೆಸರಲ್ಲಿ ಕೇಳಿದರು. ಭಟ್ಟರು ಕೈ ತೆಗೆಯುವುದರೊಳಗೆ ಬಲಗಡೆಯ ಕೇಪಳ ಹೂವಿನ ಎಸಳು ಬಿತ್ತು.

ಪಟೇಲರು ಸಾಹುಕಾರನ ಮುಖ ನೋಡಿದರು. “ಇದೆಂತ ಭಟ್ರೇ, ಗಾಳಿಗೆ ಬಿದ್ದದ್ದಲ್ವ? ಹೊರಬಾಗಿಲು ಹಾಕಿ ಇನ್ನೊಂದ್ಸಲ ಕೇಳಿ ಮಾರಾಯ್ರೇ.”

“ಗಾಳಿ ಎಲ್ಲುಂಟು ಪಟೇಲ್ರೇ? ದೀಪ ಅಲ್ಲಾಡ್ಲಿಲ್ಲ” ಎಂದ ಕೆಳಪೇಟೆಯ ದರ್ಜಿ.

“ನೀನು ಅಂಗಿ ಹೊಲಿ. ದೇವರ ವಿಷಯ ನಮಗೆ ಬಿಡು.”

ಹೊರಬಾಗಿಲು ಮುಚ್ಚಿತು. ಗಂಟೆಯಾದೊಡನೆ ದೊಡ್ಡವರೆಲ್ಲ ಕಣ್ಣು ಮುಚ್ಚಿದರು. ಈ ಸಲ ಭಟ್ಟರ ಬೆರಳು ನೀರಿನ ಬಟ್ಟಲಿಗೆ ಹೋಗಲಿಲ್ಲ; ಗಂಧದ ಬಟ್ಟಲಿಗೆ ಹೋಯಿತು. ಬಲಗಡೆಯ ಎಸಳಿಗೆ ದಪ್ಪನೆ ಗಂಧ, ಎಡಗಡೆಯದಕ್ಕೆ ಬರೀ ನೀರು. ಎಡಗಡೆಯದು ಬಿತ್ತು. ಸಾಹುಕಾರನ ಸರದಿಯಲ್ಲಿ ಗಂಧ ಎಡಭುಜಕ್ಕೆ ಹೋಯಿತು. ದೇವರು ತಕ್ಷಣ ಒಪ್ಪಿದ.

“ಅಪ್ಪಯ್ಯಾ, ಭಟ್ರು ಹೂವಿಗೆ ಗಂಧ ಹಚ್ಚಿ ಅಂಟಿಸಿದ್ರು!” ಎಂದು ಕೂಗಿದೆ.

ಸಾಹುಕಾರ ಹಲ್ಲು ಕಿರಿದ. ದರ್ಜಿ ಅಪ್ಪಯ್ಯನ ಕಡೆ ನೋಡಿದ. ಅಪ್ಪಯ್ಯ ಒಂದು ಮಾತು ಆಡಿದ್ದರೆ ಅರ್ಧ ಸಭೆ ಏಳುತ್ತಿತ್ತು. ಅವರು ಮಾತ್ರ ಮೆಲ್ಲನೆ, “ಸುಮ್ನಿರು ಕೂಸೇ. ದೇವರೆದುರು ಹಾಗೆಲ್ಲ ಹೇಳ್ಬಾರ್ದು” ಎಂದರು.

ಪಂಚಕಜ್ಜಾಯ ಹಂಚುತ್ತ ಬಂದ ಪಟೇಲರು ನನ್ನ ಚಾಚಿದ ಕೈಯನ್ನು ದಾಟಿ ಮುಂದೆ ಹೋದರು. “ಇವಳ ನಾಲಿಗೆ ಇಷ್ಟುದ್ದ ಉಂಟು, ಅದನ್ನೇ ಚೀಪ್ಲಿ.” ಎಲ್ಲರೂ ನಕ್ಕರು. ಅಪ್ಪಯ್ಯ ತಮ್ಮ ಪಾಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು.

ಸಾಹುಕಾರ ಅವಿರೋಧವಾಗಿ ಅಧ್ಯಕ್ಷನಾದ. ನಲ್ಲಿ ಬಂತು, ಅವನ ಮಂಡಿಯ ಅಂಗಳಕ್ಕೆ. ಅಲ್ಲಿ ಗಾಡಿಯ ಎತ್ತುಗಳಿಗೆ ಸ್ನಾನವಾಗುತ್ತಿತ್ತು. ಅಮ್ಮ ಕೊನೆಯವರೆಗೂ ಕುಂಟುತ್ತಲೇ ಕೊಡ ಹೊತ್ತು ಆ ದರೆಯನ್ನೇ ಹತ್ತಿದಳು. ಸಾಹುಕಾರ ಸತ್ತಾಗ ಧರ್ಮಾತ್ಮನೆಂದು ಕೊಂಡಾಡಿದ ಬಾಯಿಗಳಲ್ಲಿ ಅಪ್ಪಯ್ಯನದೂ ಒಂದಾಗಿತ್ತು.

ಈಗ ಕೆಳಪೇಟೆಯಲ್ಲಿ ಮನೆಮನೆಗೂ ನಲ್ಲಿಯಿದೆ, ಹಳ್ಳದ ದಾರಿಯನ್ನು ಮುಳ್ಳು ಮುಚ್ಚಿದೆ. ಹೂಪ್ರಸಾದ ಕೇಳುವುದು ಮಾತ್ರ ನಿಂತಿಲ್ಲ. ಗಂಟೆ ಬಾರಿಸಿದೊಡನೆ ಜನರೆಲ್ಲ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಕಣ್ಣು ಮುಚ್ಚುವ ಆ ಸುಖವನ್ನು ನಾನು ಎಂಟನೆಯ ವಯಸ್ಸಿನಲ್ಲೇ ಕಳೆದುಕೊಂಡೆ. ನಾನು ಭಟ್ಟರ ಬೆರಳು ನೋಡುತ್ತಿರುತ್ತೇನೆ.