ಅಮಾನತ್ ಬಟ್ಟೆ

ಲಾಕ್‌ಡೌನ್‌ಗಳೆಲ್ಲ ಮುಗಿದು ಅಂಗಡಿಗಳು ಮತ್ತೆ ಪೂರ್ತಿ ಬಾಗಿಲು ತೆರೆದ ವರ್ಷ ಅದು. ನಾನು ಒಂದು ಸಾಮಾನ್ಯ ವಿಮಾ ಕಂಪನಿಯ ಹಲಸೂರು ಕಡೆಯ ಶಾಖೆಯಲ್ಲಿ ಕ್ಲೇಮ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಅಂಗಡಿ, ಗೋಡೌನು, ಸಣ್ಣ ಕಾರ್ಖಾನೆಗಳಲ್ಲಿ ಬೆಂಕಿಯೋ ಕಳ್ಳತನವೋ ಆದರೆ ಆ ಕಡತ ನನ್ನ ಮೇಜಿಗೆ ಬರುತ್ತಿತ್ತು. ನಿವೃತ್ತಿಗೆ ಹದಿನೈದು ತಿಂಗಳು ಉಳಿದಿತ್ತು. ಅದಕ್ಕೂ ಮೊದಲು ನಾನಿದ್ದದ್ದು ಅದೇ ಶಾಖೆಯ ಅಂಡರ್‌ರೈಟಿಂಗ್ ವಿಭಾಗದಲ್ಲಿ. ಗಿರಾಕಿಯ ಅರ್ಜಿ ಓದಿ, ಯಾವುದಕ್ಕೆ ವಿಮೆ ಕೊಡಬಹುದು, ಯಾವುದಕ್ಕೆ ಆಗುವುದಿಲ್ಲ ಎಂದು ತೀರ್ಮಾನಿಸುವ ಕೆಲಸವದು. ಈ ಎರಡು ಕುರ್ಚಿಗಳಲ್ಲೂ ನಾನು ಕೂತಿದ್ದೆ ಎಂಬುದು ಮುಂದೆ ಹೇಳುವ ವಿಷಯಕ್ಕೆ ಮುಖ್ಯ.

ಒಂದು ಮಂಗಳವಾರ ಬೆಳಿಗ್ಗೆ ಶಿವಾಜಿನಗರದ ಬಟ್ಟೆ ಗಲ್ಲಿಯ ಒಂದು ಡ್ರೈ ಕ್ಲೀನಿಂಗ್ ಅಂಗಡಿಗೆ ಬೆಂಕಿ ಬಿತ್ತು. ಇಸ್ತ್ರಿ ಪೆಟ್ಟಿಗೆಯ ವೈರು ಕಿಡಿ ಹಾರಿಸಿ, ಪಕ್ಕದಲ್ಲಿ ಪೇರಿಸಿದ್ದ ಪ್ಲಾಸ್ಟಿಕ್ ಕವರುಗಳು ಹೊತ್ತಿಕೊಂಡಿದ್ದವು. ಡ್ರೈ ಕ್ಲೀನಿಂಗ್‌ನಲ್ಲಿ ಬಟ್ಟೆ ಒಗೆಯುವುದು ನೀರಿನಲ್ಲಲ್ಲ, ಸೀಮೆಎಣ್ಣೆಯ ಜಾತಿಯ ಒಂದು ದ್ರವದಲ್ಲಿ. ಅದಕ್ಕೆ ಬೆಂಕಿ ತಗುಲಿದ್ದರೆ ಅಕ್ಕಪಕ್ಕದ ನಾಲ್ಕು ಅಂಗಡಿಯೂ ಉಳಿಯುತ್ತಿರಲಿಲ್ಲ. ಇಸ್ತ್ರಿ ಮಾಡುತ್ತಿದ್ದ ಶರಣಪ್ಪ ಎಂಬಾತ ಮೊದಲು ಆ ದ್ರವದ ಎರಡು ಕ್ಯಾನುಗಳನ್ನು ಬೀದಿಗೆ ಎಳೆದು ಹಾಕಿದ್ದ. ಆತನ ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಅಗ್ನಿಶಾಮಕ ವಾಹನ ಗಲ್ಲಿಯ ಬಾಯಿಯಲ್ಲೇ ನಿಂತು ಪೈಪು ಬಿಟ್ಟಿತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಯಾರ ಪ್ರಾಣಕ್ಕೂ ತೊಂದರೆಯಾಗಲಿಲ್ಲ.

ಮರುದಿನ ಸರ್ವೇಯರ್ ವರದರಾಜು ಅವರ ಜೊತೆ ನಾನೂ ಹೋದೆ. ನಷ್ಟದ ಅಂದಾಜು ಮಾಡುವವರು ಸರ್ವೇಯರ್. ಅವರು ಕಂಪನಿಯ ನೌಕರರಲ್ಲ, ಪರವಾನಗಿ ಪಡೆದ ಸ್ವತಂತ್ರ ತಜ್ಞರು. ಅಂಗಡಿಯ ಮಾಲೀಕರು ಅನ್ವರ್ ಸಾಹೇಬರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಸುಟ್ಟ ಅಂಗಡಿಯ ಮುಂದೆ ನಿಂತಿದ್ದರೂ ಮೈಮೇಲಿನ ಬಿಳಿ ಅಂಗಿಗೆ ಗರಿ ಮುರಿಯದ ಇಸ್ತ್ರಿ. ಎದುರಿನ ಚಹಾ ಅಂಗಡಿಯವರು ನಮಗೆ ಸ್ಟೂಲು ಹಾಕಿಕೊಟ್ಟರು. ಅನ್ವರ್ ಸಾಹೇಬರು ಮಾತ್ರ ಕೂರಲಿಲ್ಲ.

ಒಳಗೆ ಮೇಲಿನ ಕಬ್ಬಿಣದ ಸರಳುಗಳಿಗೆ ತೂಗುಹಾಕಿದ್ದ ಬಟ್ಟೆಗಳಲ್ಲಿ ಬೆಂಕಿ ತಿನ್ನದೆ ಬಿಟ್ಟಿದ್ದನ್ನು ನೀರು, ಹೊಗೆ ಹಾಳು ಮಾಡಿದ್ದವು. ಕೋಟು, ರೇಷ್ಮೆ ಸೀರೆ, ಶೇರ್ವಾನಿ, ಶಾಲೆಯ ಬ್ಲೇಜರು. ವರದರಾಜು ಮಷಿನ್‌ನ ಫೋಟೋ ತೆಗೆಯುತ್ತಿದ್ದಾಗ ಅನ್ವರ್ ಸಾಹೇಬರು ನನ್ನ ಹತ್ತಿರ ಬಂದರು.

"ಮೇಡಂ, ಮಷಿನ್ ಆಮೇಲೆ ನೋಡಿ. ಈ ಬಟ್ಟೆಗಳಿಗೆ ಏನಾದ್ರೂ ಆಗುತ್ತಾ? ಇದ್ರಲ್ಲಿ ಒಂದೂ ನಂದಲ್ಲ."

ಪಾಲಿಸಿಯ ಪ್ರತಿ ನನ್ನ ಕೈಯಲ್ಲೇ ಇತ್ತು. ಕಟ್ಟಡದ ಒಳಗಿನ ಪೀಠೋಪಕರಣ, ಯಂತ್ರ, ಸರಕು ಎಂದು ಮೂರು ಸಾಲು. ಸರಕು ಎಂಬಲ್ಲಿ ಕೆಮಿಕಲ್, ಹ್ಯಾಂಗರ್, ಪ್ಯಾಕಿಂಗ್ ಸಾಮಾನು ಎಂದಷ್ಟೇ ಇತ್ತು. ಫೈರ್ ಪಾಲಿಸಿಯಲ್ಲಿ ಒಂದು ನಿಯಮವಿದೆ: ನಿಮ್ಮ ಅಂಗಡಿಯಲ್ಲಿರುವ ಬೇರೆಯವರ ಸ್ವತ್ತಿಗೆ ವಿಮೆ ತಾನಾಗಿ ಅನ್ವಯಿಸುವುದಿಲ್ಲ. 'ಹೆಲ್ಡ್ ಇನ್ ಟ್ರಸ್ಟ್', ಅಂದರೆ ಪರರು ನಂಬಿ ಒಪ್ಪಿಸಿದ ಸರಕು ಎಂದು ಪಾಲಿಸಿಯಲ್ಲಿ ಬೇರೆಯಾಗಿ ಬರೆದಿರಬೇಕು. ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಇರುವ ಬೆಲೆಬಾಳುವ ಸರಕೆಲ್ಲ ಪರರದ್ದೇ. ಈ ಪಾಲಿಸಿಯಲ್ಲಿ ಆ ಮೂರು ಪದಗಳು ಎಲ್ಲೂ ಇರಲಿಲ್ಲ.

ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗಲೇ ಒಬ್ಬ ಹೆಂಗಸು ರಸೀತಿ ಹಿಡಿದು ಬಂದರು. ಹಲಸೂರಿನ ಕಲಾವತಿ. ಅವರ ಗಂಡ ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಬ್ಯಾಂಡಿನವರು. ಕೋವಿಡ್‌ನ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು. ಟ್ರಂಕಿನಲ್ಲಿ ಬೂಸ್ಟು ಹಿಡಿದಿದ್ದ ಅವರ ಕೆಂಪು ಬ್ಯಾಂಡ್ ಕೋಟನ್ನು, ವರ್ಷದ ತಿಥಿಗೆ ಫೋಟೋದ ಮುಂದೆ ಇಡಬೇಕೆಂದು ಕ್ಲೀನಿಂಗಿಗೆ ಕೊಟ್ಟಿದ್ದರು.

ಅನ್ವರ್ ಸಾಹೇಬರು ರಸೀತಿ ನೋಡಲಿಲ್ಲ. ನಂಬರು ಅವರಿಗೆ ನೆನಪಿತ್ತು.

"ಅಮ್ಮಾ, ಕೋಟು ಹೋಗ್ಬಿಡ್ತು. ಸೋಮವಾರಾನೇ ರೆಡಿ ಆಗಿತ್ತು. ನಾನೇ ಫೋನ್ ಮಾಡಿ ತಗೊಂಡ್ಹೋಗಿ ಅನ್ಬೇಕಿತ್ತು. ತಪ್ಪು ನಂದೇ."

ಕಲಾವತಿ ಬೈಯುತ್ತಾರೆಂದು ನಾನು ಕಾದೆ. ಅವರು ಒಳಗೆ ಇಣುಕಿ ನೋಡಿ, "ಪೂರ್ತೀನಾ ಭಾಯ್? ಒಂದು ತುಂಡೂ ಇಲ್ವಾ?" ಎಂದು ಕೇಳಿದರು.

ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ ಶರಣಪ್ಪ ಎದ್ದ. ಆತ ಯಾದಗಿರಿ ಕಡೆಯವನು, ಹೆಂಡತಿ ಮಕ್ಕಳ ಜೊತೆ ಕಗ್ಗದಾಸಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದ. "ಅದು ಮೂರನೇ ಸಾಲಿನಾಗ ಇತ್ತ್ರೀ ಅಕ್ಕಾರ. ಸ್ವಲ್ಪ ತಡೀರಿ" ಎಂದು ಎಡಗೈಯಲ್ಲೇ ಆ ಜಾಗದ ಒದ್ದೆ ಬೂದಿಯನ್ನು ಕೆದಕತೊಡಗಿದ. ಕಾಲು ಗಂಟೆಯಲ್ಲಿ ಆರು ಹಿತ್ತಾಳೆ ಗುಂಡಿಗಳು ಸಿಕ್ಕವು. ನಲ್ಲಿಯಲ್ಲಿ ತೊಳೆದು ತಂದುಕೊಟ್ಟ. ಕಲಾವತಿ ಅವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೊರಟುಹೋದರು.

ನನ್ನ ಕೆಲಸ ಬಾಕಿ ಇತ್ತು. ಅನ್ವರ್ ಸಾಹೇಬರಿಗೆ ಪಾಲಿಸಿ ತೋರಿಸಿ, ಗಿರಾಕಿಗಳ ಬಟ್ಟೆ ಇದರಲ್ಲಿ ಸೇರಿಲ್ಲ, ಯಂತ್ರಕ್ಕೂ ಕೆಮಿಕಲ್ಲಿಗೂ ಮಾತ್ರ ಪರಿಹಾರ ಬರುತ್ತದೆ ಎಂದು ಹೇಳಿದೆ.

ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಗೊಂದಲ ಕಂಡಿತು. "ಅದು ಹೇಗೆ ಮೇಡಂ? ಬರೆಸಿದ್ನಲ್ಲಾ ನಾನು. ಫಾರಂನಲ್ಲಿ ಅಮಾನತ್ ಬಟ್ಟೆ ಅಂತ ಬರೆಸಿದ್ದೆ. ಈ ಶರಣಪ್ಪನ ಕೈಯಲ್ಲೇ ಬರೆಸಿದ್ದು. ನನಗೆ ಕನ್ನಡ ಮಾತಾಡಕ್ಕೆ ಬರುತ್ತೆ, ಬರೆಯಕ್ಕೆ ಬರಲ್ಲ."

"ಅಮಾನತ್ ಅಂದ್ರೆ?" ಎಂದೆ.

"ಅಂದ್ರೆ... ಒಬ್ರು ನಂಬಿಕೆ ಇಟ್ಟು ನಮ್ ಕೈಗೆ ಕೊಟ್ಟಿರೋದು. ವಾಪಸ್ ಕೊಡೋವರ್ಗೂ ನಾವು ಕಾಯ್ಬೇಕು. ನಮ್ದು ಅಂತ ಅನ್ನೋ ಹಾಗಿಲ್ಲ."

'ಅಮಾನತ್ ಬಟ್ಟೆ' ಎಂಬ ಎರಡು ಪದಗಳನ್ನು ನಾನು ಎಲ್ಲೋ ಓದಿದ್ದೆ.

ಹಳೆಯ ಅರ್ಜಿಗಳು ಕೆ.ಆರ್. ಪುರದ ನಮ್ಮ ರೆಕಾರ್ಡ್ ಗೋಡೌನಿನಲ್ಲಿದ್ದವು. ತರಿಸುವುದಕ್ಕೆ ಒಂದು ವಾರ ಹಿಡಿಯುತ್ತಿತ್ತು. ಮರುದಿನ ನಾನೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಕಟ್ಟು ಸಿಕ್ಕಿತು. ಮೂರು ವರ್ಷ ಹಿಂದಿನ ಅರ್ಜಿ. ದುಂಡನೆಯ, ಶಾಲೆಯಲ್ಲಿ ಕಲಿತಂಥ ಕನ್ನಡ ಅಕ್ಷರ: 'ಕೆಮಿಕಲ್, ಹ್ಯಾಂಗರ್, ಕವರು, ಅಮಾನತ್ ಬಟ್ಟೆ'. ಕೊನೆಯ ಎರಡು ಪದಗಳ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು. ಪಕ್ಕದಲ್ಲಿ ನನ್ನ ಸಹಿ.

ಆ ಗೀಟು ಎಳೆದ ದಿನ ನೆನಪಾಯಿತು. ಮಾರ್ಚ್ ಕೊನೆ, ಮೇಜಿನ ಮೇಲೆ ಅರ್ಜಿಗಳ ಗುಡ್ಡೆ. ನಮ್ಮ ಕಚೇರಿಗಳಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ಅದೇ ಅರ್ಥದಲ್ಲಿ ನಾನು ಇದನ್ನೂ ಓದಿದ್ದೆ. ಯಾರೂ ಬಂದು ಒಯ್ಯದೆ ತಡೆದು ಇಟ್ಟಿರುವ ಹಳೆಯ ಬಟ್ಟೆ ಇರಬೇಕು, ಅದಕ್ಕೆಂಥ ಬೆಲೆ ಎಂದುಕೊಂಡು ಹೊಡೆದುಹಾಕಿದ್ದೆ. ಒಂದು ಫೋನ್ ಮಾಡಿ ಕೇಳಿರಲಿಲ್ಲ. ಆದರೆ ಸರಕಿನ ಒಟ್ಟು ಮೊತ್ತವನ್ನು ಅವರು ಬರೆದಷ್ಟೇ ಉಳಿಸಿ, ಅಷ್ಟಕ್ಕೂ ಪ್ರೀಮಿಯಂ ಕಟ್ಟಿಸಿಕೊಂಡಿದ್ದೆವು. ಹ್ಯಾಂಗರು, ಕವರುಗಳಿಗೆ ಅಷ್ಟು ಬೆಲೆ ಬರಲು ಸಾಧ್ಯವೇ ಇರಲಿಲ್ಲ. ಆಮೇಲೆ ಪ್ರತಿ ವರ್ಷ ಅದೇ ಒಕ್ಕಣೆಯಲ್ಲಿ ನವೀಕರಣ ಆಗುತ್ತ ಬಂದಿತ್ತು.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಆ ಅರ್ಜಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಾಲ್ಕು ದಿನ ನಾನು ಯಾರಿಗೂ ತೋರಿಸಲಿಲ್ಲ. ಕ್ಲೇಮ್ ತಿರಸ್ಕರಿಸಿ ಪತ್ರ ಕಳಿಸಿದ್ದರೆ ನಿಯಮದ ಪ್ರಕಾರ ಯಾರೂ ನನ್ನನ್ನು ಕೇಳುವಂತಿರಲಿಲ್ಲ. ನಿವೃತ್ತಿ ಹತ್ತಿರವಿದ್ದಾಗ ಸರ್ವಿಸ್ ರೆಕಾರ್ಡಿಗೆ ಮಸಿ ಹತ್ತಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಶುಕ್ರವಾರ ಸಂಜೆ ಮನೆಗೆ ಹೋಗುವಾಗ ಅಂಗಡಿಯ ಕಡೆ ಆಟೋ ತಿರುಗಿಸಿದೆ. ಅನ್ವರ್ ಸಾಹೇಬರು ಇರಲಿಲ್ಲ. "ಸಾಹೇಬ್ರು ಕಮ್ಮನಹಳ್ಳಿಗೆ ಹೋಗ್ಯಾರ್ರೀ" ಎಂದ ಶರಣಪ್ಪ. "ರಿಜಿಸ್ಟರ್ ನೋಡ್ಕೊಂಡು ಒಬ್ಬೊಬ್ರ ಮನೀಗೆ ತಾವೇ ಹೊಂಟಾರ. ಫೋನಿನಾಗ ಹೇಳೂದು ಸರಿ ಅಲ್ಲಂತ. ನಿನ್ನೆ ಒಬ್ರು ಬಾಗ್ಲಾಗ ನಿಲ್ಲಿಸಿ ಬಾಯಿಗೆ ಬಂದಂಗ ಬೈದ್ರಂತ್ರಿ. ಕೇಳ್ಕೊಂಡು ಬಂದಾರ."

ಕೌಂಟರಿನ ಡ್ರಾಯರ್‌ನಲ್ಲಿದ್ದ ಆ ರಿಜಿಸ್ಟರು ಅಂಚು ಕರಕಾದರೂ ಉಳಿದಿತ್ತು. ಅದರಲ್ಲಿ ನೂರ ಎಂಬತ್ತಾರು ಬಟ್ಟೆಗಳ ಲೆಕ್ಕವಿತ್ತು. ಅವುಗಳ ಒಡೆಯರೆಲ್ಲರ ಬಾಗಿಲು ತಟ್ಟಲು ಹೊರಟ ಮನುಷ್ಯನ ಕಣ್ಣು ತಪ್ಪಿಸಿ ನಾನು ಒಂದು ಕಾಗದ ಬಚ್ಚಿಟ್ಟುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಶಾಖಾ ವ್ಯವಸ್ಥಾಪಕ ರಮಾಕಾಂತ್ ಅವರ ಮುಂದೆ ಅರ್ಜಿ ಇಟ್ಟು, ಆ ಪದವನ್ನು ನಾನು ತಪ್ಪಾಗಿ ಓದಿದ್ದನ್ನೂ ಹೇಳಿದೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

"ಸುಮಿತ್ರಾ ಅವರೇ, ಪಾಲಿಸೀಲಿ ಇಲ್ಲ ಅಂದ್ಮೇಲೆ ಇಲ್ಲ. ಅವರು ಕೋರ್ಟಿಗೆ ಹೋದ್ರೆ ಆಗ ನೋಡ್ಕೊಳ್ಳೋಣ."

"ಅವರು ಕೋರ್ಟಿಗೆ ಹೋಗಲ್ಲ ಸಾರ್. ನನಗೆ ಕಷ್ಟ ಆಗ್ತಿರೋದೇ ಅದು."

"ಅಮಾನತ್ ಅನ್ನೋ ಪದ ಅರ್ಥ ಆಗ್ಲಿಲ್ಲ ಅಂತ ಬರ್ಕೊಟ್ಟು, ನಿಮ್ಮನ್ನೇ ಅಮಾನತು ಮಾಡಿದ್ರೆ?" ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

"ಮಾಡ್ಲಿ ಸಾರ್. ಆದ್ರೆ ಈ ಅರ್ಜಿ ಫೈಲಲ್ಲಿ ಇರ್ಲಿ."

ಅದೇ ದಿನ ಎರಡು ಪುಟದ ಟಿಪ್ಪಣಿ ಬರೆದೆ. ಗಿರಾಕಿ ತನ್ನ ಬಳಿ ಪರರು ಒಪ್ಪಿಸಿದ ಬಟ್ಟೆ ಇರುವುದಾಗಿ ಅರ್ಜಿಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ; 'ಅಮಾನತ್' ಮತ್ತು ಪಾಲಿಸಿಯ 'ಹೆಲ್ಡ್ ಇನ್ ಟ್ರಸ್ಟ್' ಎರಡರ ಅರ್ಥವೂ ಒಂದೇ; ಆ ಮೊತ್ತಕ್ಕೆ ಕಂಪನಿ ಪ್ರೀಮಿಯಂ ಪಡೆದಿದೆ; ಕೈಬಿಟ್ಟಿದ್ದು ನನ್ನ ತಪ್ಪು. ರಮಾಕಾಂತ್ ಅದರ ಕೆಳಗೆ 'ಶಿಫಾರಸು ಮಾಡಲಾಗಿದೆ' ಎಂದು ಬರೆದು ಸಹಿ ಹಾಕಿದರು. ಅದನ್ನು ಅವರಿಂದ ನಾನು ನಿರೀಕ್ಷಿಸಿರಲಿಲ್ಲ.

ವರದರಾಜು ರಿಜಿಸ್ಟರ್ ಹಿಡಿದು ಒಂದೊಂದು ಬಟ್ಟೆಯ ಬೆಲೆ ಕಟ್ಟಿದರು. ಹಳೆಯ ವಸ್ತುವಿಗೆ ಹೊಸದರ ಬೆಲೆ ಸಿಗುವುದಿಲ್ಲ. ಬಳಸಿದಷ್ಟು ವರ್ಷಕ್ಕೆ ಸವಕಳಿ ಕಳೆಯುತ್ತಾರೆ. ಒಬ್ಬ ಗಿರಾಕಿ ತನ್ನದು ಅಪ್ಪಟ ರೇಷ್ಮೆ ಸೀರೆ ಎಂದು ಬರೆದುಕೊಟ್ಟಾಗ ಅನ್ವರ್ ಸಾಹೇಬರೇ ತಡೆದರು: "ಇಲ್ಲ ಸಾರ್, ಅದು ಕಾಟನ್ ಮಿಕ್ಸ್. ನಾನೇ ತಗೊಂಡಿದ್ದು, ರಿಜಿಸ್ಟರ್‌ನಲ್ಲಿದೆ. ಇದ್ದಿದ್ದು ಇದ್ದಂಗೆ ಬರ್ಕೊಳ್ಳಿ." ಆ ಗಿರಾಕಿ ಮತ್ತೆ ಅವರ ಅಂಗಡಿ ಮೆಟ್ಟಿಲು ಹತ್ತಲಿಲ್ಲವಂತೆ.

ಮುಖ್ಯ ಕಚೇರಿಯಿಂದ ಎರಡು ಸಲ ಪ್ರಶ್ನೆಗಳು ಬಂದವು. ಒಮ್ಮೆ ಕಡತ ಹಾಗೇ ವಾಪಸ್ಸೂ ಬಂತು. ನಿಘಂಟಿನ ಪುಟದ ಪ್ರತಿ ಲಗತ್ತಿಸಿ ಮತ್ತೆ ಕಳಿಸಿದೆ. ಐದನೇ ತಿಂಗಳಲ್ಲಿ ಮಂಜೂರಾತಿ ಬಂತು. ಪೂರ್ತಿ ಅಲ್ಲ, ಆದರೆ ಎಲ್ಲ ಗಿರಾಕಿಗಳಿಗೂ ಏನಾದರೂ ಕೊಡುವಷ್ಟು. ಅದೇ ವಾರ ನನಗೊಂದು ಮೆಮೊ ಬಂತು: ಅರ್ಜಿಯ ಪರಿಶೀಲನೆಯಲ್ಲಿ ಅಜಾಗರೂಕತೆ ತೋರಿದ್ದನ್ನು ದಾಖಲಿಸಲಾಗಿದೆ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಬಂದ ಒಂದೇ ಮೆಮೊ. ಅದನ್ನು ಓದಿ ಅವಮಾನ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಲಾವತಿ ಚೆಕ್ಕು ತೆಗೆದುಕೊಳ್ಳಲು ಅಂಗಡಿಗೆ ಬಂದಾಗ ನಾನೂ ಅಲ್ಲಿದ್ದೆ. ಬೇಡವೆನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. "ಆ ಕೋಟಿಗೆ ಇದು ಸಮ ಅಲ್ಲ ಮೇಡಂ. ಆದ್ರೆ ಬೇಡ ಅನ್ನೋ ಸ್ಥಿತೀಲಿ ನಾನಿಲ್ಲ" ಎಂದರು.

ಶರಣಪ್ಪನ ಕೈ ವಾಸಿಯಾಯಿತು, ಆದರೆ ಭಾರದ ಇಸ್ತ್ರಿ ಪೆಟ್ಟಿಗೆ ಎತ್ತಲು ಆಗುತ್ತಿರಲಿಲ್ಲ. ಅನ್ವರ್ ಸಾಹೇಬರು ಆತನನ್ನು ಕೌಂಟರಿಗೆ ಕೂರಿಸಿ, ರಿಜಿಸ್ಟರು ಬರೆಯಲು ಹಚ್ಚಿದರು.

ನಾನು ನಿವೃತ್ತಳಾಗುವ ಹಿಂದಿನ ತಿಂಗಳು ಆ ಅಂಗಡಿಯ ಪಾಲಿಸಿ ನವೀಕರಣಕ್ಕೆ ಬಂತು. ಅಂಡರ್‌ರೈಟಿಂಗ್‌ಗೆ ಹೊಸದಾಗಿ ಸೇರಿದ್ದ ಚೈತ್ರಾ ಎಂಬ ಅಧಿಕಾರಿಗೆ, ಕಂಪ್ಯೂಟರಿನಲ್ಲಿ ಹಳೆಯದನ್ನೇ ಒತ್ತಬೇಡಿ, ಹೋಗಿ ನೋಡಿ ಬನ್ನಿ ಎಂದೆ. ನಾನೂ ಜೊತೆಗೆ ಹೋದೆ. ಬಾಯಿ ಮಾತ್ರ ತೆರೆಯಲಿಲ್ಲ. ಚೈತ್ರಾ ಒಂದು ಸುತ್ತು ನೋಡಿ, ಸುಣ್ಣ ಬಳಿದ ಗೋಡೆ, ಹೊಸ ವೈರಿಂಗ್ ಎಲ್ಲ ಗುರುತು ಹಾಕಿಕೊಂಡು, ಕೊನೆಗೆ ಕುರ್ಚಿಯಲ್ಲಿ ಕೂತು ಕೇಳಿದಳು:

"ಸಾರ್, ಈ ಅಂಗಡೀಲಿ ನಿಮ್ದಲ್ಲದ್ದು ಏನೇನಿದೆ?"

ಅನ್ವರ್ ಸಾಹೇಬರು ಮೇಲಿನ ಸರಳುಗಳ ತುಂಬ ತೂಗುತ್ತಿದ್ದ ಬಟ್ಟೆಗಳನ್ನು ನೋಡಿ ನಕ್ಕರು. "ಆ ಮಷಿನ್ ನಂದು, ನೀವು ಕೂತಿರೋ ಕುರ್ಚಿ ನಂದು. ಮಿಕ್ಕಿದ್ದೆಲ್ಲಾ ಜನರದ್ದೇ ಮೇಡಂ."

ಚೈತ್ರಾ ಅದನ್ನು ಅವರೆದುರೇ ಬರೆದುಕೊಂಡು, ಓದಿ ಹೇಳಿ, ಸರಿಯೇ ಎಂದು ಕೇಳಿದಳು. ಅಷ್ಟೂ ಸೇರಿ ಎರಡು ನಿಮಿಷದ ಕೆಲಸ. ಗಿರಾಕಿ ಬರೆದ ಪದ ನಮಗೆ ಅರ್ಥವಾಗದಿದ್ದರೆ ಅವರನ್ನೇ ಕೇಳಬೇಕು. ಅರ್ಥವಾಯಿತು ಎಂದು ಅನ್ನಿಸಿದಾಗಲೂ ಒಮ್ಮೆ ಕೇಳಬೇಕು. ಮೂವತ್ತು ವರ್ಷದ ವೃತ್ತಿ ನನಗೆ ಕಲಿಸಿದ್ದು ಇದನ್ನು. ಕಲಿತದ್ದು ಮಾತ್ರ ಕೊನೆಯ ವರ್ಷದಲ್ಲಿ.