ಅವ್ವನ ಮಚ್ಚಿನ ಓರೆ

ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಫಿಟ್ಟರ್. ಯಂತ್ರದ ಶಾಫ್ಟು ಕೂದಲೆಳೆಯಷ್ಟು ಸರಿದರೂ ಸದ್ದು ಕೇಳಿಯೇ ಹೇಳುತ್ತೇನೆ ಎಂಬ ಜಂಬ ನನಗಿದೆ. ಇತ್ತು ಎನ್ನುವುದೇ ಸರಿ. ಅವ್ವನ ಮಚ್ಚು ಸರಿ ಮಾಡಲು ಹೋಗಿ ಅದು ಇಳಿಯಿತು.

ವಾರವಿಡೀ ಮಿಲ್ಲಿನ ಹತ್ತಿರದ ರೂಮಿನಲ್ಲಿದ್ದು, ಶನಿವಾರ ಸಂಜೆ ರಾಂಪುರದಲ್ಲಿ ಬಸ್ಸಿಳಿದು ಊರಿಗೆ ಹೋಗುತ್ತೇನೆ. ಅಲ್ಲಿ ಹೆಂಡತಿ ಮತ್ತು ಅವ್ವ ಇದ್ದಾರೆ. ಅವ್ವ ಎರಡು ಮೇಕೆ ಸಾಕಿದ್ದಾಳೆ. ದಿನಾ ಬೇವನ್ನೋ ಜಾಲಿಯನ್ನೋ ಕಡಿದು ಅವಕ್ಕೆ ಹಾಕುತ್ತಾಳೆ. "ಮೇಕೆ ಇರೋ ತನಕ ನನ್ನ ಎಲೆ-ಅಡಿಕೆಗೆ ಯಾರನ್ನೂ ಕೇಳಂಗಿಲ್ಲ" ಎನ್ನುವುದು ಅವಳ ಬಿಗುಮಾನ.

ಹೋದ ಮಳೆಗಾಲದಲ್ಲಿ ಅವಳ ಮಚ್ಚು ಹಿತ್ತಲ ಕಸದಡಿ ಸೇರಿ ತುಕ್ಕು ಹಿಡಿಯಿತು, ಹಿಡಿಯನ್ನು ಗೆದ್ದಲು ತಿಂದಿತು. ಅಂದಿನಿಂದ ಪಕ್ಕದ ಮನೆಯಾಕೆಯ ಮಚ್ಚು ಕೇಳಿ ತರುತ್ತಿದ್ದಳು. ಆಕೆ ಕೊಡುವಾಗೆಲ್ಲ "ಇಷ್ಟ್ ವಯಸ್ಸಾತು, ಮೇಕೆ ಮಾರಿ ತೆಪ್ಪಗೆ ಕುಂತ್ಕಬಾರ್ದೇನಕ್ಕಾ?" ಎಂದು ಒಂದು ಮಾತು ಸೇರಿಸಿಯೇ ಕೊಡುತ್ತಿದ್ದಳು. ನನ್ನ ಹೆಂಡತಿಯದೂ ಅದೇ ರಾಗ. ಮಚ್ಚು ಸರಿಹೋಗದಿದ್ದರೆ ಮೇಕೆಗಳು ಹೋಗುತ್ತವೆ ಎಂದು ಅವ್ವನಿಗೆ ಗೊತ್ತಿತ್ತು. "ಅವರ ಮಚ್ಚು ನನ್ನ ಕೈಗೆ ಒಗ್ಗಂಗಿಲ್ಲ. ಇದನ್ನ ಒಂದೀಟು ನೋಡಪ್ಪಾ" ಎಂದು ತಂದುಕೊಟ್ಟಳು. ಯಾಕೆ ಒಗ್ಗುವುದಿಲ್ಲ ಎಂದು ನಾನು ಕೇಳಲಿಲ್ಲ.

ರಾತ್ರಿ ಹುಣಸೆಹುಳಿ ಬಳಿದಿಟ್ಟು, ಬೆಳಿಗ್ಗೆ ಇಟ್ಟಿಗೆ ಪುಡಿ ಹಾಕಿ ಉಜ್ಜಿದೆ. ತುಕ್ಕು ಹೋಗಿ ಉಕ್ಕು ಕಂಡಿತು. ನೋಡಿದರೆ ಮಚ್ಚಿನ ಬಾಯಿ ಒಂದೇ ಮಗ್ಗುಲಿಗೆ ಸವೆದಿತ್ತು. ಎಡಮಗ್ಗುಲು ಇಳಿಜಾರಾಗಿ ಓರೆ, ಬಲಮಗ್ಗುಲು ಚಪ್ಪಟೆ. ನಮ್ಮೂರಲ್ಲಿ ನಾನು ಕಂಡ ಮಚ್ಚುಗಳೆಲ್ಲ ಇದಕ್ಕೆ ಉಲ್ಟಾ; ಬಲಗೈಯಲ್ಲಿ ಬೀಸಲು ಓರೆ ಬಲಗಡೆ ಇರಬೇಕು.

ಹಿತ್ತಲ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ನೋಡುತ್ತಿದ್ದಳು. ನೋಡುವವರಿದ್ದರೆ ನನ್ನ ಬಾಯಿಗೆ ಬೀಗವಿಲ್ಲ. "ಯಾವನೋ ಎಡಚ ಮಸೆದು ಹಾಳು ಮಾಡ್ಯಾನೆ ನೋಡ್ರಿ ಚಿಕ್ಕವ್ವಾ. ಬುದ್ಧಿ ಇರೋರು ಹಿಂಗೆ ಮಸೀತಾರಾ?" ಎಂದೆ. ಆಕೆ ನಕ್ಕಳು. ಅವ್ವ ಅಲ್ಲೇ ಮೇಕೆಗೆ ನೀರಿಡುತ್ತಿದ್ದಳು.

ಮಿಲ್ಲಿನಿಂದ ತಂದಿದ್ದ ಗ್ರೈಂಡರ್ ಹಚ್ಚಿ ಎಡಗಡೆಯ ಓರೆಯನ್ನು ತೇದು ತೆಗೆದೆ, ಬಲಗಡೆ ಹೊಸ ಓರೆ ಕೊಟ್ಟೆ. ಸಾಣೆಕಲ್ಲಿಗೆ ನೀರು ಚಿಮುಕಿಸಿ ಮಸೆದೆ. ಜಾಲಿಯ ಹೊಸ ಹಿಡಿ ಹಾಕಿದೆ. ಶೇಂಗಾ ಎಣ್ಣೆ ಸವರಿ ಬಿಸಿಲಿಗೆ ಹಿಡಿದಾಗ ನನ್ನ ಮೇಲೆ ನನಗೇ ಪ್ರೀತಿ ಬಂತು.

ಅವ್ವ ಅದನ್ನು ಬಲಗೈಯಲ್ಲಿ ಹಿಡಿದು ಬೇವಿನ ಕೊಂಬೆಗೆ ಹಾಕಿದಳು. ಸಿಪ್ಪೆ ಕಿತ್ತಿತೇ ಹೊರತು ಕೊಂಬೆ ಕಡಿಯಲಿಲ್ಲ. ಇನ್ನೊಂದು ಏಟು ಎಲ್ಲೋ ಬಿತ್ತು.

"ಯಾಕೋ ಜಾರ್ತೈತಲ್ಲಪ್ಪಾ" ಎಂದಳು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದೆ ನಾನು.

ಪಕ್ಕದ ಮನೆಯಾಕೆ ಮತ್ತೆ ನಕ್ಕು, "ಅದ್ಕೇ ಹೇಳೋದಕ್ಕಾ, ಮಾರಿಬಿಡು" ಎಂದಳು. ಅವ್ವ ಮಚ್ಚನ್ನು ಗೋಡೆಗೆ ಒರಗಿಸಿದಳು. "ಹೂಂ, ಮಚ್ಚು ಚೆನ್ನಾಗೈತೆ, ನನ್ನ ಕೈಯಾಗೇ ಕಸುವಿಲ್ಲ. ಮುಂದಿನ ಸಂತೆಗೆ ಮೇಕೆ ಹೊಡ್ಕಂಡು ಹೋಗಪ್ಪಾ" ಎಂದಳು.

ಮಧ್ಯಾಹ್ನ ಉಂಡು ಕೈತೊಳೆಯಲು ಹಿತ್ತಲಿಗೆ ಹೋದೆ. ಯಾರೂ ಇಲ್ಲವೆಂದುಕೊಂಡು ಅವ್ವ ಮಚ್ಚನ್ನು ಎಡಗೈಯಲ್ಲಿ ಹಿಡಿದು ಬೀಸುತ್ತಿದ್ದಳು. ಪಳಗಿದ ಕೈ, ನೇರವಾದ ಏಟು. ಮಚ್ಚು ಮಾತ್ರ ಕೊಂಬೆ ತಾಕಿದೊಡನೆ ಜಾರಿ, ಅವಳ ಕಾಲಿನ ಹೆಬ್ಬೆರಳ ಪಕ್ಕ ನೆಲಕ್ಕೆ ನಾಟಿತು. ಓಡಿಹೋಗಿ ಆ ಕೈ ಹಿಡಿದುಕೊಂಡೆ. ಅಂಗೈ ಪೂರ್ತಿ ಜಡ್ಡುಗಟ್ಟಿತ್ತು. ಬಲಗೈ ತಿರುಗಿಸಿ ನೋಡಿದೆ, ಅದು ಮೆತ್ತಗಿತ್ತು.

"ನೀನು ಎಡಗೈಯೋಳಾ ಅವ್ವಾ?"

"ಒಲೆ ಮುಂದೆ ಬಲಗೈ. ನಿಮ್ಮಜ್ಜಿ ಸೌಟಿನಾಗೆ ಹೊಡ್ದು ಕಲಿಸಿದ್ಲು. ಹೊಲ್ದಾಗೆ ಯಾರು ನೋಡ್ತಾರೆ? ನೀನು ಹೊಲಕ್ಕೆ ಯಾವತ್ತು ಬಂದೆ?"

ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಲವತ್ತು ದಾಟಿದ್ದೇನೆ, ಅವ್ವ ಯಾವ ಕೈಯವಳೆಂದು ನನಗೆ ಗೊತ್ತಿರಲಿಲ್ಲ. ನೆಲ ನಿಜಕ್ಕೂ ಡೊಂಕಿತ್ತು, ಡೊಂಕು ಮಾಡಿದವನು ನಾನೇ. ಆದರೂ "ಮೊದ್ಲೇ ಹೇಳಾಕೇನಾಗಿತ್ತು?" ಎಂದು ರೇಗಿದೆ. ತಪ್ಪು ನನ್ನದಾದಾಗ ರೇಗುವುದು ನನ್ನ ಚಾಳಿ.

"ಬುದ್ಧಿ ಇರೋರು ಹಿಂಗೆ ಮಸೀತಾರಾ ಅಂದ್ಯಲ್ಲಪ್ಪಾ, ಅವಳ ಮುಂದೆ" ಎಂದಳು.

ಸಂಜೆಯವರೆಗೆ ಕೂತು ಓರೆಯನ್ನು ಮತ್ತೆ ಎಡಕ್ಕೆ ತಂದೆ. ತೇದುಹೋದ ಉಕ್ಕು ಮರಳಿ ಬರುವುದಿಲ್ಲ, ಅಲಗು ಕಣ್ಣಿಗೆ ಕಾಣುವಷ್ಟು ಕಿರಿದಾಯಿತು. ಪಕ್ಕದ ಮನೆಯಾಕೆ ಗೋಡೆಯ ಬಳಿ ಬಂದು ನಿಂತಳು. ಮಸೆದವಳು ನಮ್ಮವ್ವನೇ, ಸರಿಯಾಗಿಯೇ ಮಸೆದಿದ್ದಳು, ಕೆಡಿಸಿದ್ದು ನಾನು ಎಂದು ಆಕೆಗೆ ಹೇಳಬೇಕಿತ್ತು. ಬೆಳಿಗ್ಗೆ ಅಷ್ಟು ಆಡಿದ್ದ ನಾಲಿಗೆ ಈಗ ಏಳಲಿಲ್ಲ. ಸುಮ್ಮನೆ ಮಚ್ಚನ್ನು ಅವ್ವನಿಗೆ ಕೊಟ್ಟೆ. ಅದನ್ನೂ ಅಭ್ಯಾಸಬಲದಿಂದ ಅವಳ ಬಲಗೈಗೇ ಚಾಚಿದೆ.

ಅವ್ವ ಬಲಗೈಯಲ್ಲೇ ತೆಗೆದುಕೊಂಡಳು. ಪಕ್ಕದ ಮನೆಯಾಕೆ ಹೋಗಲೆಂದು ಕಾದಳು, ಆಮೇಲೆ ನಾನು ಹೋಗಲೆಂದು ಕಾದಳು. ನಾನು ಒಳಗೆ ಕಾಲಿಟ್ಟ ಮೇಲೆ, ಒಂದೇ ಏಟಿಗೆ ಕೊಂಬೆ ಕಡಿದುಬಿದ್ದ ಸದ್ದು ಕೇಳಿಸಿತು.